ಚೆಂಡು ಹೂವಿನ ಬಣ್ಣದ ಕಂಪ್ಯೂಟರ್

ಹೋದ ವಾರ ತೇಜು ಹೊಸ ಕಂಪ್ಯೂಟರಿನ ಡಬ್ಬ ಬಿಚ್ಚುವಾಗ ನಾನು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಡಬ್ಬದೊಳಗಿಂದ ಬಿಳಿ ಥರ್ಮಾಕೋಲು ಕಿರ್ರೆಂದು ಈಚೆ ಬಂತು. ಅದರ ಹಿಂದೆಯೇ ಆ ವಾಸನೆ. ಹೊಸ ಪ್ಲಾಸ್ಟಿಕ್ಕು, ರಟ್ಟು, ಜೊತೆಗೆ ಔಷಧಿ ಅಂಗಡಿಯಂಥ ತಣ್ಣನೆಯ ಏನೋ ಒಂದು. ಮೊರ ಕೈಯಲ್ಲೇ ಉಳಿಯಿತು. "ಅಜ್ಜಿ, ಯಾಕೆ ಸುಮ್ನೆ ಕುಂತ್ಬಿಟ್ಟೆ?" ಎಂದು ಚಿನ್ನು ಕೇಳಿದಳು. ಏನಿಲ್ಲ ಎಂದೆ.

ಏನೂ ಇಲ್ಲದೆ ಇರಲಿಲ್ಲ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲವೆಂದು ನಿಮಗೆ ಗೊತ್ತಲ್ಲ, ಮಕ್ಕಳೇ. ಮನೆಯವರೇ ಆದರೂ ನಾಲ್ಕು ಜನ ನನ್ನ ಮುಖ ನೋಡಿದರೆ ಮಾತು ಗಂಟಲಿನಲ್ಲೇ ಕೂತುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹಿರಿಯೂರಿನ ನಿಮ್ಮಮ್ಮನ ಅಂಗಡಿಯಲ್ಲಿ ಆ ವಾಸನೆ ತುಂಬಿಕೊಂಡಿದ್ದ ಒಂದು ವರ್ಷವಿತ್ತು. ತೇಜು ಆಗ ಮೂರನೇ ಕ್ಲಾಸು. ಚಿನ್ನು ಅಂಗನವಾಡಿಗೆ ಹೋಗಲಾರೆನೆಂದು ಅಳುತ್ತಿದ್ದಳು.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಹೊಸದುರ್ಗದ ಕಡೆಯ ನಮ್ಮ ಹಳ್ಳಿಯಿಂದ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮಪ್ಪ ಆಗಲೂ ಲೈನ್‌ಮ್ಯಾನ್. ಗಾಳಿ ಎದ್ದರೆ, ಮಳೆ ಬಂದರೆ ಅವನು ಯಾವುದೋ ಕಂಬದ ಮೇಲಿರುತ್ತಿದ್ದ. ಆ ವರ್ಷ ಆಷಾಢದ ಗಾಳಿ ವಿಪರೀತ. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಗಲೂ ಇರುಳೂ ತಿರುಗುತ್ತಿದ್ದವು. ರಸ್ತೆಯ ಕೆಂಪು ಮಣ್ಣೆಲ್ಲ ಎದ್ದು ಅಂಗಡಿಯೊಳಗೆ ಬರುತ್ತಿತ್ತು. ಬಟ್ಟೆ ಹಿಡಿದು ಆ ಧೂಳು ಒರೆಸುವುದು ನನ್ನ ಕೆಲಸವಾಗಿತ್ತು.

ನಿಮ್ಮಮ್ಮ ಖಾಸಗಿ ಶಾಲೆಯ ಟೀಚರ್ ಕೆಲಸ ಬಿಟ್ಟು ಆ ಅಂಗಡಿ ಹಾಕಿದ್ದಳು. ಮೊದಲು ಜೆರಾಕ್ಸು, ಆನ್‌ಲೈನ್ ಅರ್ಜಿ, ಮೊಬೈಲ್ ಕವರು, ಚಾರ್ಜರು. ಆಮೇಲೆ ಒಂದು ಕಂಪ್ಯೂಟರ್ ಕಂಪನಿಯವರು ಬಂದು, ತಾಲೂಕು ಊರುಗಳಲ್ಲಿ ನಾವು ಹೊಸದಾಗಿ ವ್ಯಾಪಾರ ಶುರುಮಾಡುತ್ತಿದ್ದೇವೆ, ನಮ್ಮ ಬೋರ್ಡು ಹಾಕಿಕೊಳ್ಳಿ ಎಂದರು. ಬೋರ್ಡು ಏರಿದ ದಿನ ನಿಮ್ಮಮ್ಮ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಅದನ್ನು ಬಹಳ ಹೊತ್ತು ನೋಡಿದಳು. ಅವಳ ಹೆಸರು ಅದರ ಕೆಳಗೆ ಸಣ್ಣದಾಗಿತ್ತು. ಆದರೂ ಇತ್ತು.

ಆ ಕಂಪನಿಯ ಲೆಕ್ಕಾಚಾರವನ್ನು ಅವಳು ನನಗೆ ತಿಳಿಯುವ ಹಾಗೆ ಹೇಳಿದ್ದಳು. ಅವರು ತೊಡೆಯ ಮೇಲಿಟ್ಟುಕೊಳ್ಳುವಂಥ ಒಂದೇ ಯಂತ್ರಕ್ಕೆ ಮೂರು ಅಂಗಿ ಹೊಲಿದಿದ್ದರು. ಬೆಂಗಳೂರಿನಂಥ ಊರಿಗೆ ತೆಳ್ಳಗಿನ ಬೆಳ್ಳಿ ಬಣ್ಣದ್ದು. ಆಫೀಸುಗಳಿಗೆ ಕಪ್ಪಿನದು. ನಮ್ಮಂಥ ಊರುಗಳಿಗೆ ಚೆಂಡು ಹೂವಿನ ಬಣ್ಣದ್ದು, ಸುತ್ತಲೂ ದಪ್ಪ ರಬ್ಬರಿನ ಅಂಚು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಕಡೆಗೂ ಇದೇ ಬಂತು. ಬೆಳ್ಳಿಯದು ಒಂದೇ ಒಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟಿದ್ದರು. ಅದು ಅಂಗಡಿಯ ಅಂದಕ್ಕೆ, ಮಾರುವುದಕ್ಕಲ್ಲ.

ಕಂಪನಿಯವರನ್ನು ನಾನು ಬೈಯಲಾರೆ. ಚೆಂಡು ಹೂವಿನದು ಒಳ್ಳೆಯ ಯಂತ್ರ. ಧೂಳು ಒಳಗೆ ಹೋಗುತ್ತಿರಲಿಲ್ಲ. ಕರೆಂಟು ಹೋದರೂ ಸಂಜೆಯವರೆಗೆ ನಡೆಯುತ್ತಿತ್ತು. ಕೈಜಾರಿ ಬಿದ್ದರೂ ಏನೂ ಆಗುತ್ತಿರಲಿಲ್ಲ. ಬೆಲೆಯೂ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ ಅದರ ಗುಂಡಿಗಳ ಮೇಲೆ ಕನ್ನಡ ಅಕ್ಷರಗಳು ಅಚ್ಚಾಗಿದ್ದವು. ಯಾರೋ ಕೂತು ನಮ್ಮ ಗಾಳಿ, ನಮ್ಮ ಮಣ್ಣು, ನಮ್ಮ ಕತ್ತಲೆ ಎಲ್ಲವನ್ನೂ ಯೋಚಿಸಿಯೇ ಮಾಡಿದ್ದರು.

ಆದರೆ ಜನ ತೆಗೆದುಕೊಳ್ಳಲಿಲ್ಲ. ಬರುತ್ತಿದ್ದರು, ಮುಟ್ಟುತ್ತಿದ್ದರು, ಬೆಲೆ ಕೇಳಿ ಪರವಾಗಿಲ್ಲ ಎನ್ನುತ್ತಿದ್ದರು, ಆಮೇಲೆ ಅವರ ಕಣ್ಣು ಗಾಜಿನ ಪೆಟ್ಟಿಗೆಯ ಕಡೆ ಹೋಗುತ್ತಿತ್ತು. ಕಂಪನಿಯವರು ಕೊಟ್ಟ ಇನ್ನೊಂದು ಬೋರ್ಡು ಗೋಡೆಯ ಮೇಲಿತ್ತು: 'ಹಳ್ಳಿಯ ಕೈಗೊಂದು ಕಂಪ್ಯೂಟರ್'. ಅದನ್ನು ಓದಿಕೊಂಡು ಸುಮ್ಮನೆ ಹೊರಡುತ್ತಿದ್ದರು. ಧರ್ಮಪುರದ ಕಡೆಯ ಒಬ್ಬ ಮೇಷ್ಟ್ರು ಮಾತ್ರ ಬಾಯಿಬಿಟ್ಟು ಹೇಳಿದರು.

"ಚೆನ್ನಾಗೈತಮ್ಮ, ಇಲ್ಲ ಅನ್ನಲ್ಲ. ಆದ್ರೆ ಮಗ ಇದನ್ನ ಕಾಲೇಜಲ್ಲಿ ಚೀಲದಿಂದ ತೆಗೆದ್ರೆ, ಹಳ್ಳಿಯಿಂದ ಬಂದೋನು ಅಂತ ಹಣೆ ಮೇಲೆ ಬರ್ದಂಗಾಗುತ್ತೆ."

ಮೇಷ್ಟ್ರು ಹೋದ ಮೇಲೆ ನಿಮ್ಮಮ್ಮ ಆ ಗೋಡೆಯ ಬೋರ್ಡು ತೆಗೆದುಬಿಡೋಣವೆಂದು ಸ್ಟೂಲು ಹತ್ತಿದಳು. ಕಂಪನಿಯವರು ಬಂದು ಕೇಳಿದರೆ ಎಂದು ಮತ್ತೆ ಇಳಿದಳು. ದೀಪಾವಳಿಯೊಳಗೆ ಈ ಯಂತ್ರಗಳು ಹೋಗದಿದ್ದರೆ ಹೊರಗಿನ ಕಂಪನಿ ಬೋರ್ಡನ್ನು ಹಿಂದಕ್ಕೆ ಪಡೆದು ಚಿತ್ರದುರ್ಗದ ದೊಡ್ಡ ಅಂಗಡಿಗೇ ಎಲ್ಲವನ್ನೂ ಕೊಡುತ್ತೇವೆ ಎಂದು ಅವರು ಹೇಳಿಯಾಗಿತ್ತು. ಹಾಗಾದರೆ ಅವಳು ಮತ್ತೆ ಜೆರಾಕ್ಸಿಗೆ, ಇಲ್ಲವೇ ಅದೇ ಶಾಲೆಗೆ. ಅವಳು ಮನೆಯಲ್ಲಿ ಇದನ್ನು ಮಾತಾಡುತ್ತಿರಲಿಲ್ಲ. ಚಪಾತಿ ಲಟ್ಟಿಸುವಾಗ ಲಟ್ಟಣಿಗೆ ನಿಂತುಬಿಡುತ್ತಿತ್ತು, ಅಷ್ಟೆ.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಬೋಣಿಯ ಹೊತ್ತಿಗೆ ಎದುರಿಗೆ ಯಾರಿದ್ದಾರೆ, ಯಾರ ಕೈಯಿಂದ ಆಯಿತು ಎಂಬುದರ ಮೇಲೆ ಇಡೀ ದಿನ ಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಗಂಡ ಸತ್ತವಳು ಆ ಹೊತ್ತಿಗೆ ಎದುರಿಗಿರಬಾರದು. ನನಗೆ ಯಾರೂ ಹೀಗೆಂದು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಂಗಡಿಯ ಹಿಂದೆ ಪರದೆ ಎಳೆದ ಸಣ್ಣ ಕೋಣೆಯಿತ್ತು. ಬೆಳಿಗ್ಗೆ ಧೂಳು ಒರೆಸಿ ನಾನು ಅಲ್ಲಿ ಹೋಗಿ ಕೂತುಬಿಡುತ್ತಿದ್ದೆ. ಮೊದಲ ಗಿರಾಕಿ ಹೋದ ಮೇಲೆ ನಿಮ್ಮಮ್ಮ "ಬೋಣಿ ಆತು, ಬರ್ರಿ ಅತ್ತೆ" ಎಂದು ಕರೆಯುತ್ತಿದ್ದಳು. ಹಾಗೆ ಕರೆಯುವುದು ಅವಳಿಗೆ ಇಷ್ಟವಿರಲಿಲ್ಲ. ಮೊದಮೊದಲು ಜಗಳವಾಡಿದಳು. ನಾನು ಏಳಲಿಲ್ಲ. ಅವಳ ವ್ಯಾಪಾರ ಮೊದಲೇ ಕುಂಟುತ್ತಿರುವಾಗ ನನ್ನ ಮುಖವೂ ಅದಕ್ಕೆ ಸೇರುವುದು ಬೇಡ ಎನಿಸಿತ್ತು.

ಆ ಕೋಣೆಯಲ್ಲಿ ಸುಮ್ಮನೆ ಕೂರಲಾರದೆ ಒಂದು ಚೆಂಡು ಹೂವಿನ ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹೇಗೆ ತೆರೆಯುವುದು, ಹೇಗೆ ಮುಚ್ಚುವುದು ಎಂದು ನಿಮ್ಮಮ್ಮ ತೋರಿಸಿಕೊಟ್ಟಳು. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರಗಳೆಲ್ಲ ಅಲ್ಲಿ ಗುಂಡಿಗಳ ಮೇಲೆ ಕೂತಿದ್ದವು, ಸಾಲು ಮಾತ್ರ ತಪ್ಪಿತ್ತು, ಆಟಕ್ಕೆ ಬಿಟ್ಟ ಮಕ್ಕಳ ಹಾಗೆ. ಮೊದಲು 'ತೇಜು' ಬರೆದೆ. ಚಿನ್ನುವಿನ ಪೂರ್ತಿ ಹೆಸರು 'ಚಿನ್ಮಯಿ' ಬರೆಯಲು ಮಕಾರವನ್ನು ನಕಾರದ ಕೆಳಗೆ ಕೂರಿಸುವುದು ಗೊತ್ತಾಗದೆ ಬಹಳ ಒದ್ದಾಡಿದೆ. ಅದು ಕೂತ ಬೆಳಿಗ್ಗೆ ನಾನೊಬ್ಬಳೇ ಪರದೆಯ ಹಿಂದೆ ನಕ್ಕಿದ್ದು ನಿಮ್ಮಮ್ಮನಿಗೆ ಕೇಳಿಸಿ ಅವಳು ಇಣುಕಿ ನೋಡಿದಳು. ಜನ ಬೇಡವೆಂದು ಬಿಟ್ಟುಹೋದ ಯಂತ್ರ ನನಗೆ ಬಹಳ ಹಿಡಿಸಿತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ಶ್ರಾವಣಕ್ಕೆ ಗಾಳಿ ಇಳಿದು ಮಳೆ ಹಿಡಿಯಿತು. ವೇದಾವತಿಯಲ್ಲಿ ನೀರು ಬಂತೆಂದು ಜನ ಸೇತುವೆಯ ಮೇಲೆ ನಿಂತು ನೋಡುತ್ತಿದ್ದರು. ದಸರಾ ಕಳೆಯಿತು. ಯಂತ್ರಗಳು ಕಪಾಟಿನಲ್ಲಿ ಹಾಗೆಯೇ ಇದ್ದವು.

ದೀಪಾವಳಿಗೆ ಇನ್ನು ಸ್ವಲ್ಪ ದಿನವಿರುವಾಗ ಕಂಪನಿಯವರು ಎಲ್ಲ ತಾಲೂಕಿನ ಅಂಗಡಿಯವರನ್ನೂ ಚಿತ್ರದುರ್ಗಕ್ಕೆ ಕರೆದರು. ನಿಮ್ಮಮ್ಮ ಬೆಳಗಿನ ಬಸ್ಸಿಗೇ ಹೊರಟಳು. ಕೊರಿಯರಿನವನು ಬರುತ್ತಾನೆ, ಶಟರ್ ಅರ್ಧ ಎತ್ತಿಟ್ಟು ಕೂತಿರಿ ಎಂದು ಕೀಲಿಕೈ ನನಗೆ ಕೊಟ್ಟಳು. ಬೋರ್ಡು ಉಳಿಯುತ್ತದೆಯೇ ಹೋಗುತ್ತದೆಯೇ ಎಂಬುದು ಇವತ್ತು ತಿಳಿಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಬಿಟ್ಟು ಬೇರೆಲ್ಲ ಮಾತಾಡಿದೆವು.

ನಾನು ಪರದೆಯ ಹಿಂದೆ ಕೂತಿದ್ದಾಗ ಅರ್ಧ ಎತ್ತಿದ ಶಟರಿನಡಿ ತಲೆ ಬಗ್ಗಿಸಿಕೊಂಡು ಇಬ್ಬರು ಒಳಗೆ ಬಂದರು. ನನ್ನ ವಯಸ್ಸಿನ ಒಬ್ಬಾಕೆ, ಜೊತೆಗೆ ಅವಳ ಮೊಮ್ಮಗಳು. ಹೊರಗೆ ಸಣ್ಣಗೆ ಮಳೆ. ಇಬ್ಬರ ಕಾಲಲ್ಲೂ ಕೆಸರು. ನಾನು ಈಚೆ ಬಂದು, ಸೊಸೆ ಊರಿಗೆ ಹೋಗಿದ್ದಾಳೆ, ಮಧ್ಯಾಹ್ನ ಬರುತ್ತಾಳೆ, ಕುಂತ್ಕಳ್ರಿ ಎಂದೆ. ಕುರ್ಚಿ ಎಳೆದು ಕೊಟ್ಟು ದೂರ ಗೋಡೆಯ ಹತ್ತಿರ ನಿಂತೆ.

ಅವರು ಐಮಂಗಲದವರು. ಅಜ್ಜಿಯ ಹೆಸರು ತಿಪ್ಪಮ್ಮ, ಹುಡುಗಿ ರಕ್ಷಿತಾ. ಹುಡುಗಿಗೆ ಚಿತ್ರದುರ್ಗದಲ್ಲಿ ನರ್ಸಿಂಗ್ ಸೀಟು ಸಿಕ್ಕಿ ಹಾಸ್ಟೆಲಿಗೆ ಸೇರಿದ್ದಳು, ಓದಿಗೆ ಕಂಪ್ಯೂಟರ್ ಬೇಕಿತ್ತು. ಇಷ್ಟನ್ನೂ ತಿಪ್ಪಮ್ಮ ತಾನಾಗಿಯೇ ಹೇಳಿದಳು. ಅಷ್ಟರಲ್ಲಿ ಹುಡುಗಿ ಎದ್ದು ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಮುಟ್ಟಬಾರದೆಂದು ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದಳು.

"ಅದನ್ನ ತೆಗೀರಮ್ಮ, ನೋಡಾಣ," ಎಂದಳು ತಿಪ್ಪಮ್ಮ.

ಅದು ತೋರ್ಸಕ್ಕೆ ಇಟ್ಟಿರೋದು ಎಂದೆ.

"ತೋರ್ಸಕ್ಕೆ ಇಟ್ಟಿದ್ರೆ ತೋರ್ಸ್ರಿ ಮತ್ತೆ."

ಸೊಸೆ ಬರ್ಲಿ ಎಂದೆ. ಹಾಗಾದರೆ ಈ ಕಡೆ ಇರುವ ಬಣ್ಣದ್ದನ್ನಾದರೂ ಕೊಡಿ ಎಂದಳು. ಅದಕ್ಕೂ ಸೊಸೆ ಬರ್ಲಿ ಎಂದೆ. ನನ್ನ ಕೈಯಿಂದ ಬೋಣಿ ಆಗಬಾರದು ಎಂಬುದೊಂದೇ ನನ್ನ ತಲೆಯಲ್ಲಿದ್ದುದು. ಓದಲು ಹೋಗುವ ಹುಡುಗಿ, ಮೊದಲ ಕಂಪ್ಯೂಟರು. ಅದರಲ್ಲೂ ಆವತ್ತು ನಿಮ್ಮಮ್ಮನ ಹಣೆಬರಹ ತೀರ್ಮಾನವಾಗುವ ದಿನ. ಮಧ್ಯಾಹ್ನದವರೆಗೆ ಅವರನ್ನು ಕೂರಿಸಿಕೊಂಡರೆ ಎಲ್ಲರಿಗೂ ಒಳ್ಳೆಯದೆಂದು ಅಂದುಕೊಂಡೆ.

ಅವರು ಕಾದರು. ನಾನು ನೀರು ಕೊಟ್ಟೆ. ಹುಡುಗಿ ಗೋಡೆಯ ಬೋರ್ಡನ್ನು ಅಜ್ಜಿಗೆ ಮೆಲ್ಲಗೆ ಓದಿ ಹೇಳಿದಳು. ತಿಪ್ಪಮ್ಮ ಕೇಳಿಸಿಕೊಂಡಳು. ಬೋರ್ಡನ್ನು ನೋಡಿದಳು, ಗಾಜಿನ ಪೆಟ್ಟಿಗೆ ನೋಡಿದಳು, ತನ್ನ ಕಾಲ ಕೆಸರು ನೋಡಿಕೊಂಡಳು.

"ಇದು ಹಳ್ಳಿ ಕೈಗಾದ್ರೆ, ಆ ಬೆಳ್ಳಿದು ಯಾರ ಕೈಗೆ?" ಎಂದು ನನ್ನನ್ನು ಕೇಳಿದಳು. ದನಿ ಏರಿಸಲಿಲ್ಲ. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ಏಳೇ, ಹೋಗಾಣ. ಅದನ್ನ ತೋರ್ಸಲ್ಲ, ಇದನ್ನ ಕೊಡಲ್ಲ. ನಾವು ಬಂದಿದ್ದೇ ಈಯಮ್ಮಂಗೆ ಬ್ಯಾಡ."

ಅವರು ಶಟರಿನಡಿ ಬಗ್ಗಿ ರಸ್ತೆಗೆ ಇಳಿದರು. ಆಗ ನನಗೆ ಹೊಳೆಯಿತು. ಮೇಷ್ಟ್ರು ಹೇಳಿದ್ದು ಯಾವುದೋ ಅದೇ ಮಾತನ್ನು, ಬಾಯಿಬಿಡದೆ, ನಾನು ಆ ಹುಡುಗಿಗೆ ಹೇಳಿ ಕಳಿಸುತ್ತಿದ್ದೆ. ನಾನು ಬಚ್ಚಿಟ್ಟುಕೊಂಡದ್ದು ನನ್ನ ಮುಖವನ್ನು. ಅವರಿಗೆ ಕಂಡದ್ದು ಬಾಗಿಲು ಮುಚ್ಚಿದ ಹಾಗೆ.

ಚಪ್ಪಲಿ ಹಾಕಿಕೊಳ್ಳದೆ ಮಳೆಯಲ್ಲೇ ಓಡಿದೆ. ನನ್ನಂಥವಳು ಹಾಡಹಗಲು ಹಿರಿಯೂರಿನ ರಸ್ತೆಯಲ್ಲಿ ಓಡಿದಳೆಂದರೆ ನೀವು ನಂಬುವುದಿಲ್ಲ. ಬೇಕರಿಯ ಮುಂದೆ ತಿಪ್ಪಮ್ಮನ ಕೈ ಹಿಡಿದೆ. ಮಾತು ಬರಲಿಲ್ಲ. ಆಮೇಲೆ ಬಂತು.

"ನಿಮ್ಮನ್ನ ಬ್ಯಾಡ ಅಂದಿದ್ದಲ್ಲ ಕಣ್ರಿ. ನಾನು ಗಂಡ ಹೋದೋಳು. ಬೋಣಿ ಆಗಿಲ್ಲ ಇನ್ನೂ. ಮಗಾ ಓದಕ್ಕೆ ಹೋಗ್ತೈತೆ, ನನ್ನ ಕೈಯಿಂದ ಬ್ಯಾಡ ಅಂತ ಕಾಯಿಸ್ದೆ."

ತಿಪ್ಪಮ್ಮ ನನ್ನ ಹಣೆ ನೋಡಿದಳು. ನಾನೂ ಆಗಲೇ ಅವಳ ಹಣೆ ನೋಡಿದ್ದು. ಅಷ್ಟು ಹೊತ್ತು ಎದುರು ಬದುರು ಇದ್ದರೂ ನಾನು ಅವಳ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

"ಅಯ್ಯೋ ನಮ್ಮವ್ವ," ಎಂದಳು. "ನಾನು ಹೂವು ಮಾರೋಳು. ನಮ್ಮೂರಾಗೆ ಮದುವಿ ಆಗ್ಲಿ, ದ್ಯಾವ್ರ ಕಾರ್ಯ ಆಗ್ಲಿ, ನನ್ನ ಕೈಯಿಂದ್ಲೇ ಹೂವು ಹೋಗಾದು. ನಾನು ಮುಡಿಯಲ್ಲ, ಅಷ್ಟೇಯ. ದಿನಾ ಬೋಣಿ ನಾನಲ್ದೆ ಇನ್ಯಾರು, ನಮ್ ಯಜಮಾನ ಎದ್ದು ಬಂದು ಮಾಡ್ತಾನಾ?"

ರಕ್ಷಿತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆವತ್ತು ಅವಳ ನಗು ನಾನು ಕಂಡದ್ದು ಅದೇ ಮೊದಲು. ಮೂವರೂ ನೆನೆಯುತ್ತಾ ಹಿಂದಕ್ಕೆ ಬಂದೆವು. ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಲು ತಿಪ್ಪಮ್ಮನೂ ಕೈ ಹಾಕಿದಳು.

ಗಾಜಿನ ಪೆಟ್ಟಿಗೆ ತೆಗೆದು ಬೆಳ್ಳಿಯದನ್ನು ಹುಡುಗಿಯ ಮುಂದಿಟ್ಟೆ. ಅಂಚಿನ ಮೇಲೆ ಬೆರಳಿಟ್ಟು ನೋಡಿದಳು. ಪಕ್ಕದಲ್ಲಿ ಚೆಂಡು ಹೂವಿನದನ್ನೂ ಇಟ್ಟು, ಇದರಲ್ಲಿ ಕನ್ನಡ ಐತೆ, ಬಿದ್ರೂ ಏನೂ ಆಗಲ್ಲ, ನಾನು ಇದ್ರಲ್ಲೇ ಬರಿಯೋದು ಎಂದು ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಅವಳು ಅದನ್ನೂ ಮರ್ಯಾದೆಯಿಂದ ನೋಡಿ, "ಚೆನ್ನಾಗೈತಜ್ಜಿ. ಆದ್ರೆ ರೂಮಿನ ಹುಡುಗೀರದು ಎಲ್ಲಾ ಇಂಥದ್ದೇ ಅವೆ," ಎಂದು ಬೆಳ್ಳಿಯದರ ಮೇಲೆ ಕೈಯಿಟ್ಟಳು.

ನಿಮ್ಮಮ್ಮನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮೀಟಿಂಗಿನಲ್ಲಿದ್ದಳು. ಮಾರಬಾರದ್ದನ್ನು ಮಾರಿದರೆ ಬೋರ್ಡು ಇವತ್ತೇ ಹೋಗಬಹುದು. ಇಲ್ಲವೆಂದರೆ ಈ ಹುಡುಗಿ ಎರಡನೇ ಸಲ ಅದೇ ಮಾತು ಕೇಳಿಸಿಕೊಂಡು ಹೋಗುತ್ತಾಳೆ. ಅದರ ಕೆಳಗೆ ಅಂಟಿಸಿದ್ದ ಚೀಟಿಯಲ್ಲಿನ ಬೆಲೆ ಓದಿ ಹೇಳಿದೆ. ಆಮೇಲೆ ಡಬ್ಬಕ್ಕೆ ತುಂಬಿದೆ. ರಕ್ಷಿತಾ ಫೋನಿನಿಂದ ದುಡ್ಡು ಹಾಕಿದಳು. ಕೌಂಟರಿನ ಮೇಲಿನ ಸಣ್ಣ ಪೆಟ್ಟಿಗೆ ಹಣ ಬಂತೆಂದು ಗಟ್ಟಿಯಾಗಿ ಕೂಗಿತು.

ತಿಪ್ಪಮ್ಮ ಅದರ ಕಡೆ ಕೈ ತೋರಿಸಿದಳು. "ಬೋಣಿ ಮಾಡ್ತು ನೋಡು ಅದು. ಅದಕ್ಕೇನು ಗಂಡ ಅವ್ನಾ?"

ಮಧ್ಯಾಹ್ನ ನಿಮ್ಮಮ್ಮ ಬಸ್ಸಿನಲ್ಲಿ ಬರಲಿಲ್ಲ, ಕಾರಿನಲ್ಲಿ ಬಂದಳು. ಜೊತೆಗೆ ಕಂಪನಿಯ ಅಶ್ವಿನಿ ಎಂಬ ಹುಡುಗಿ. ನಮ್ಮ ಕಡೆಯ ಅಂಗಡಿಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ. ಬೆಳ್ಳಿಯ ಯಂತ್ರವನ್ನು ವಾಪಸು ತೆಗೆದುಕೊಂಡು ಹೋಗಲು ಬಂದಿದ್ದಳು. ಅಂದರೆ ಬೋರ್ಡು ಹೋಗುತ್ತದೆ ಎಂದು ನಿಮ್ಮಮ್ಮನ ಮುಖ ನೋಡಿಯೇ ತಿಳಿಯಿತು. ಇಬ್ಬರೂ ಖಾಲಿ ಗಾಜಿನ ಪೆಟ್ಟಿಗೆ ನೋಡುತ್ತಾ ನಿಂತರು.

ನಾನೇ ಮಾರಿದೆ ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಆದರೂ ಹೇಳಿದೆ. ಮೇಷ್ಟ್ರ ಮಾತು, ಬೋರ್ಡು ಓದಿದ್ದು, ಬೇಕರಿಯ ಮುಂದೆ ನಿಂತದ್ದು, ಎಲ್ಲವನ್ನೂ. ಅಷ್ಟು ಉದ್ದ ಮಾತನ್ನು ನಾನು ನಿಮ್ಮ ತಾತನ ಹತ್ತಿರವೂ ಆಡಿರಲಿಲ್ಲ. ನಿಮ್ಮಮ್ಮ ನಡುವೆ ಬಂದು ನನ್ನ ಒದ್ದೆ ಸೆರಗನ್ನು ಹಿಂಡಿದಳು, ಹಿಂಡಿದ ಮೇಲೂ ಹಿಡಿದುಕೊಂಡೇ ಇದ್ದಳು.

ಅಶ್ವಿನಿ ಕುರ್ಚಿ ಎಳೆದು ಕೂತಳು. "ನಾನು ಹೊಳಲ್ಕೆರೆಯೋಳಮ್ಮ. ಹಾಸ್ಟೆಲಿಗೆ ಹೋಗುವಾಗ ಅಪ್ಪ ಹೂವಿನ ಚಿತ್ರದ ತಗಡಿನ ಟ್ರಂಕು ಕೊಡ್ಸಿದ್ರು. ಮೂರು ವರ್ಷ ಅದನ್ನ ಬೆಡ್‌ಶೀಟು ಮುಚ್ಚಿ ಮಂಚದ ಕೆಳಗೆ ಇಟ್ಟಿದ್ದೆ." ಖಾಲಿ ಗಾಜಿನ ಪೆಟ್ಟಿಗೆಯ ಕಡೆ ತಿರುಗಿ, "ಇದನ್ನೇ ನಾನು ಮೀಟಿಂಗಲ್ಲಿ ಬಾಯಿಬಿಟ್ಟು ಹೇಳ್ಬೇಕಿತ್ತು," ಎಂದಳು. ಚಹಾ ಕುಡಿದು ಹೋದಳು. ಆಮೇಲೆ ಅವಳು ಹೇಳಿದಳೋ ಏನೋ. ಇಲ್ಲಿಯ ಹಾಗೆಯೇ ಎಲ್ಲ ಊರುಗಳಿಂದಲೂ ಇದೇ ಸುದ್ದಿ ಕಂಪನಿಗೆ ಮುಟ್ಟಿತ್ತಂತೆ. ನಮ್ಮಿಂದಲೇ ಏನೋ ಆಯಿತೆಂದು ನಾನು ತಿಳಿದುಕೊಂಡಿಲ್ಲ.

ದೀಪಾವಳಿಯ ಹಿಂದಿನ ದಿನ ಲಾರಿ ಬಂತು. ಬೆಳ್ಳಿಯ ಯಂತ್ರಗಳನ್ನು ಇಳಿಸಿ, ಚೆಂಡು ಹೂವಿನವನ್ನು ತುಂಬಿಕೊಂಡಿತು. ಬೋರ್ಡು ಉಳಿಯಿತು. ಗೋಡೆಯ ಮೇಲಿನ ಇನ್ನೊಂದನ್ನು ನಿಮ್ಮಮ್ಮ ತಾನೇ ಇಳಿಸಿದಳು, ನಾನು ಸ್ಟೂಲು ಹಿಡಿದುಕೊಂಡೆ. ವಾಪಸು ಹೋದವು ಏನಾದವು ಎಂದು ಅಶ್ವಿನಿ ಒಂದು ದಿನ ಫೋನಿನಲ್ಲಿ ಹೇಳಿದಾಗ ನಿಮ್ಮಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಬೆಂಗಳೂರಿನಲ್ಲಿ ಅವನ್ನು ಚಿಕ್ಕ ಮಕ್ಕಳ ಕಂಪ್ಯೂಟರ್ ಎಂದು ಮಾರಿದರಂತೆ. ಬಿದ್ದರೆ ಒಡೆಯುವುದಿಲ್ಲ, ಬಣ್ಣ ಎಷ್ಟು ಚೆಂದ ಎಂದು ಜನ ಮುಗಿಬಿದ್ದರಂತೆ. ಕನ್ನಡದ ಗುಂಡಿಗಳನ್ನು ಮಾತ್ರ ಕಿತ್ತು ಇಂಗ್ಲಿಷಿನವನ್ನು ಹಾಕಿದರಂತೆ. ಅದನ್ನು ಕೇಳಿ ನನಗೆ ನಗು ಬರಲಿಲ್ಲ. ಪರದೆಯ ಹಿಂದೆ ಇದ್ದ ಒಂದನ್ನು ನಿಮ್ಮಮ್ಮ ನನಗೆಂದು ಕೊಂಡುಕೊಂಡು ಲಾರಿಗೆ ಹೋಗದ ಹಾಗೆ ಉಳಿಸಿದ್ದಳು. ಈಗ ಬರೆಯುತ್ತಿರುವುದು ಅದರಲ್ಲೇ.

ಸಂಕ್ರಾಂತಿಯ ರಜೆಯಲ್ಲಿ ಒಂದು ಬೆಳಿಗ್ಗೆ ರಕ್ಷಿತಾ ಅಂಗಡಿಗೆ ಬಂದಳು. ಚಾರ್ಜರಿನ ವೈರು ಹಾಳಾಗಿತ್ತು. ನಿಮ್ಮಮ್ಮ ಇನ್ನೂ ಬಂದಿರಲಿಲ್ಲ, ಕೌಂಟರಿನಲ್ಲಿ ನಾನಿದ್ದೆ. ಹೊಸ ವೈರು ಹಾಕಿ ನೋಡೋಣವೆಂದು ಅವಳು ಚೀಲದಿಂದ ಕಂಪ್ಯೂಟರ್ ತೆಗೆದಳು. ಬೆಳ್ಳಿಯ ಮುಚ್ಚಳದ ನಟ್ಟನಡುವೆ, ಲಾರಿಗಳ ಮೇಲೆ ಇರುತ್ತದಲ್ಲ ಅಂಥ ದಪ್ಪ ಕನ್ನಡ ಅಕ್ಷರದಲ್ಲಿ, ಕೆಂಪು ಸ್ಟಿಕ್ಕರು ಅಂಟಿಸಿದ್ದಳು. ಐಮಂಗಲ.

ನಾನು ಅದನ್ನೇ ನೋಡುತ್ತಿದ್ದುದು ಅವಳಿಗೆ ಕಂಡಿತು.

"ಹಾಸ್ಟೆಲಲ್ಲಿ ಎಲ್ಲಾರ್ದೂ ಒಂದೇ ತರ ಅವೆ ಅಜ್ಜಿ," ಎಂದಳು. "ನಂದು ಯಾವ್ದು ಅಂತ ಗೊತ್ತಾಗ್ಬೇಕಲ್ಲ."